ಹ್ಯಾಮ್ಲೆಟ್‌ನ ಯಾವ ವರ್ಷನ್ ಓದ್ತಿದ್ದೀರಿ?

ಹೋದ ಸೆಮಿಸ್ಟರಿನಲ್ಲಿ ನಮ್ಮ ಸಂಘದ ಓದುಬಳಗ ಒಂದು ಧೈರ್ಯದ ಕೆಲಸಕ್ಕೆ ಕೈ ಹಾಕಿತು. ಕುವೆಂಪು ಅವರ ‘ರಕ್ತಾಕ್ಷಿ’ ನಾಟಕವನ್ನು ಓದುವುದು, ಅದಕ್ಕೆ ಪ್ರೇರಣೆಯಾದ ಷೇಕ್ಸ್‌ಪಿಯರನ ‘ಹ್ಯಾಮ್ಲೆಟ್’ ಅನ್ನೂ ಪಕ್ಕದಲ್ಲಿಟ್ಟುಕೊಳ್ಳುವುದು. ಡೆನ್ಮಾರ್ಕಿನ ಅರಮನೆಯ ಕತೆ ನಮ್ಮ ಬಿದನೂರಿಗೆ ಬಂದಾಗ ಏನೇನು ಬದಲಾಯಿತು ಅನ್ನೋದು ನಮ್ಮ ಕುತೂಹಲ. ಲೈಬ್ರರಿಯಲ್ಲಿ ಥರ್ಮೋಡೈನಮಿಕ್ಸ್ ಪುಸ್ತಕ ಬೇಕಾದಷ್ಟಿತ್ತು, ಷೇಕ್ಸ್‌ಪಿಯರ್ ಸಿಗಲಿಲ್ಲ. ಸರಿ, ಎಲ್ಲರೂ ಅವರವರ ಮೊಬೈಲಿಗೆ ಸಿಕ್ಕಿದ ಪಿಡಿಎಫ್ ಇಳಿಸಿಕೊಂಡು ಬನ್ನಿ ಅಂತ ತೀರ್ಮಾನವಾಯಿತು.

ಮೊದಲ ದಿನ ಸರದಿಯಂತೆ ಓದ್ತಾ ಇದ್ವಿ. ಸಿವಿಲ್ ವಿಭಾಗದ ಗೆಳೆಯನೊಬ್ಬನ ಸರದಿ ಬಂತು. ಹತ್ತನೇ ತರಗತಿಯವರೆಗೂ ಕನ್ನಡ ಮಾಧ್ಯಮದಲ್ಲಿ ಓದಿದವನು. ಎರಡು ರಾತ್ರಿ ಡಿಕ್ಷನರಿ ಹಿಡಿದು ಕೂತು ತಯಾರಾಗಿ ಬಂದಿದ್ದ. ಪೊಲೋನಿಯಸ್ ಅನ್ನುವ ಮುದಿ ಮಂತ್ರಿಯ ಹೆಸರು ಬರಬೇಕಾದ ಕಡೆ ಅವನು ‘ಕೊರಾಂಬಿಸ್’ ಅಂತ ಓದಿದ. ನಾವೆಲ್ಲ ನಕ್ಕೆವು. ‘ಸರಿಯಾಗಿ ಓದು ಮಾರಾಯ’ ಅಂದೆವು. ಅವನು ಮೊಬೈಲ್ ನೋಡಿದ, ನಮ್ಮನ್ನು ನೋಡಿದ, ‘ಇಲ್ಲಿ ಹಂಗೇ ಇದೆ’ ಅಂದ. ನಮ್ಮಲ್ಲಿ ಒಬ್ಬರೂ ಎದ್ದು ಹೋಗಿ ನೋಡಲಿಲ್ಲ. ಮುಂದಿನ ವಾರ ಅವನು ಬರಲೇ ಇಲ್ಲ.

ಆಮೇಲೆ ಗೊತ್ತಾಯಿತು, ಅವನು ಸರಿಯಾಗಿಯೇ ಓದಿದ್ದ. ತಪ್ಪು ನಮ್ಮದು. ಇಂಗ್ಲಿಷ್ ಸಾಹಿತ್ಯ, ವಿಶ್ವಸಾಹಿತ್ಯ ಓದಬೇಕು ಅಂತ ಆಸೆ ಇರುವ, ಆದರೆ ಹತ್ತಿರದಲ್ಲಿ ಮೇಷ್ಟ್ರೂ ಇಲ್ಲದ, ಪುಸ್ತಕವೂ ಇಲ್ಲದ ನಮ್ಮಂಥವರಿಗೆ ಅಂತರ್ಜಾಲದಲ್ಲಿ ಏನೇನಿದೆ, ಅದನ್ನು ಬಳಸೋದು ಹೇಗೆ ಅನ್ನೋದನ್ನು ಆ ತಪ್ಪಿನಿಂದಲೇ ಕಲಿತೆವು. ಈ ಪಾಠ ಅದರ ಫಲ.

ಮೂರು ಹ್ಯಾಮ್ಲೆಟ್‌ಗಳು

ಸಾಫ್ಟ್‌ವೇರಿಗೆ ವರ್ಷನ್ ಇರುವ ಹಾಗೆ ಪುಸ್ತಕಕ್ಕೂ ಇರುತ್ತೆ. ‘ಹ್ಯಾಮ್ಲೆಟ್’ ಮೊದಲು ಅಚ್ಚಾದದ್ದು 1603ರಲ್ಲಿ. ಇದನ್ನು ಮೊದಲ ಕ್ವಾರ್ಟೊ ಅಂತಾರೆ. 1604-05ರಲ್ಲಿ ಎರಡನೇ ಕ್ವಾರ್ಟೊ ಬಂತು. ಗಾತ್ರದಲ್ಲಿ ಮೊದಲನೆಯದು ಇದರ ಅರ್ಧಕ್ಕಿಂತ ಸ್ವಲ್ಪ ಹೆಚ್ಚು, ಅಷ್ಟೇ. ಷೇಕ್ಸ್‌ಪಿಯರ್ ತೀರಿಕೊಂಡು ಏಳು ವರ್ಷವಾದ ಮೇಲೆ, 1623ರಲ್ಲಿ, ಅವನ 36 ನಾಟಕಗಳನ್ನು ಒಟ್ಟಿಗೆ ಸೇರಿಸಿದ ‘ಫಸ್ಟ್ ಫೋಲಿಯೊ’ ಬಂತು. ಅದರಲ್ಲಿರುವುದು ಮೂರನೇ ಹ್ಯಾಮ್ಲೆಟ್.

ಮೂರರಲ್ಲೂ ವ್ಯತ್ಯಾಸ ಇದೆ. ಮೊದಲ ಕ್ವಾರ್ಟೊದಲ್ಲಿ ಮಂತ್ರಿಯ ಹೆಸರು ಕೊರಾಂಬಿಸ್. ಎಲ್ಲರಿಗೂ ಗೊತ್ತಿರುವ ಆ ಪ್ರಸಿದ್ಧ ಸ್ವಗತ ಅಲ್ಲಿ ಬೇರೆ ಮಾತುಗಳಲ್ಲಿ, ಬೇರೆ ಜಾಗದಲ್ಲಿ ಬರುತ್ತೆ. ರಾಣಿ ತನಗೆ ಕೊಲೆಯ ವಿಷಯ ಗೊತ್ತೇ ಇರಲಿಲ್ಲ ಅಂತ ಬಾಯಿಬಿಟ್ಟು ಹೇಳಿ, ಮಗನಿಗೆ ಸಹಾಯ ಮಾಡುವುದಾಗಿ ಮಾತು ಕೊಡುತ್ತಾಳೆ. ಉಳಿದ ಎರಡರಲ್ಲಿ ಅಷ್ಟು ಸ್ಪಷ್ಟವಾಗಿ ಹೇಳುವುದಿಲ್ಲ. ಅಂದರೆ ‘ರಾಣಿ ತಪ್ಪಿತಸ್ಥಳೇ?’ ಅನ್ನುವ ಪ್ರಶ್ನೆಗೆ ನೀವು ಕೊಡುವ ಉತ್ತರ ನಿಮ್ಮ ಕೈಲಿರುವ ಪ್ರತಿಯನ್ನು ಅವಲಂಬಿಸಿದೆ! ನಾಲ್ಕನೇ ಅಂಕದಲ್ಲಿ ಹ್ಯಾಮ್ಲೆಟ್ ಸೈನ್ಯವನ್ನು ಕಂಡು ಆಡುವ ಸ್ವಗತ ಎರಡನೇ ಕ್ವಾರ್ಟೊದಲ್ಲಿದೆ, ಫೋಲಿಯೊದಲ್ಲಿಲ್ಲ. ಡೆನ್ಮಾರ್ಕ್ ಒಂದು ಸೆರೆಮನೆ ಅನ್ನುವ ಮಾತು ಫೋಲಿಯೊದಲ್ಲಿದೆ, ಎರಡನೇ ಕ್ವಾರ್ಟೊದಲ್ಲಿಲ್ಲ.

ಮೊದಲ ಕ್ವಾರ್ಟೊ ಎಲ್ಲಿಂದ ಬಂತು ಅನ್ನೋದರ ಬಗ್ಗೆ ವಿದ್ವಾಂಸರಲ್ಲಿ ಜಗಳ ಇನ್ನೂ ಮುಗಿದಿಲ್ಲ. ಪಾತ್ರ ಮಾಡಿದ ನಟನೊಬ್ಬ ನೆನಪಿನಿಂದ ಬರೆಸಿದ್ದು ಅಂತ ಕೆಲವರು, ನಾಟಕದ ಮೊದಲ ಕರಡು ಅಂತ ಕೆಲವರು. ಜಗತ್ತಿಗೆ ಇದರ ಒಂದು ಪ್ರತಿ ಸಿಕ್ಕಿದ್ದೇ 1823ರಲ್ಲಿ. ಈಗ ಇರೋದು ಎರಡೇ ಪ್ರತಿ. ಅಂಥದ್ದರ ಪಠ್ಯ ಹಾಸ್ಟೆಲ್ ವೈಫೈಯಲ್ಲಿ ನಮ್ಮ ಗೆಳೆಯನ ಮೊಬೈಲಿಗೆ ಬಂದಿತ್ತು. ನಾವು ನಕ್ಕಿದ್ದು ಅದಕ್ಕೆ.

ನಂಬಬಹುದಾದ ಪಠ್ಯ ಎಲ್ಲಿದೆ?

ಷೇಕ್ಸ್‌ಪಿಯರ್ ಮಟ್ಟಿಗೆ ಮೊದಲು ಹೋಗಬೇಕಾದ್ದು ಫೋಲ್ಜರ್ ಷೇಕ್ಸ್‌ಪಿಯರ್ ಲೈಬ್ರರಿಯ ತಾಣಕ್ಕೆ. 1932ರಲ್ಲಿ ವಾಷಿಂಗ್ಟನ್ನಿನಲ್ಲಿ ಶುರುವಾದ ಗ್ರಂಥಾಲಯ ಇದು. ಅವರು ಸಂಪಾದಿಸಿದ ನಾಟಕಗಳೆಲ್ಲ ಉಚಿತ. ‘ಹ್ಯಾಮ್ಲೆಟ್’ ಪಠ್ಯದಲ್ಲಿ ಯಾವ ಸಾಲು ಕ್ವಾರ್ಟೊದಿಂದ ಬಂದದ್ದು, ಯಾವುದು ಫೋಲಿಯೊದಿಂದ ಬಂದದ್ದು ಅಂತ ಬೇರೆ ಬೇರೆ ಆವರಣ ಚಿಹ್ನೆಗಳಿಂದ ಗುರುತು ಮಾಡಿದ್ದಾರೆ. ಇದನ್ನು ಎಕ್ಸ್‌ಎಂಎಲ್ ರೂಪದಲ್ಲೂ ಇಳಿಸಿಕೊಳ್ಳಬಹುದು. ಪೈಥಾನ್ ಗೊತ್ತಿದ್ದವರು ಒಂದೊಂದು ಪಾತ್ರದ ಮಾತನ್ನು ಬೇರೆ ಮಾಡಿ ಎಣಿಸಿ ನೋಡಿ. ಅಚ್ಚಾದ ಹಳೆಯ ಪುಟವನ್ನೇ ಕಣ್ಣಾರೆ ನೋಡಬೇಕಾ? ಆಕ್ಸ್‌ಫರ್ಡಿನ ಬೋಡ್ಲಿಯನ್ ಲೈಬ್ರರಿ ತನ್ನ ಫಸ್ಟ್ ಫೋಲಿಯೊದ ಪುಟಗಳನ್ನು ಸ್ಕ್ಯಾನ್ ಮಾಡಿ ಹಾಕಿದೆ.

ಉಳಿದ ಸಾಹಿತ್ಯಕ್ಕೆ ಪ್ರಾಜೆಕ್ಟ್ ಗುಟೆನ್‌ಬರ್ಗ್. ಇದು ವೆಬ್‌ಗಿಂತಲೂ ಹಳೆಯದು. 1971ರ ಜುಲೈ 4ರಂದು ಇಲಿನಾಯ್ ವಿಶ್ವವಿದ್ಯಾಲಯದ ವಿದ್ಯಾರ್ಥಿ ಮೈಕೆಲ್ ಹಾರ್ಟ್ ಅಲ್ಲಿನ ಮೇನ್‌ಫ್ರೇಮ್ ಕಂಪ್ಯೂಟರಿನಲ್ಲಿ ಅಮೆರಿಕದ ಸ್ವಾತಂತ್ರ್ಯ ಘೋಷಣೆಯನ್ನು ಟೈಪ್ ಮಾಡಿ ಇಟ್ಟ. ಈಗ ಅಲ್ಲಿ 70 ಸಾವಿರಕ್ಕೂ ಹೆಚ್ಚು ಪುಸ್ತಕಗಳಿವೆ. 2000ದಲ್ಲಿ ಶುರುವಾದ ‘ಡಿಸ್ಟ್ರಿಬ್ಯೂಟೆಡ್ ಪ್ರೂಫ್‌ರೀಡರ್ಸ್’ ಅನ್ನುವ ಸ್ವಯಂಸೇವಕರ ಗುಂಪು ಒಂದೊಂದೇ ಪುಟವನ್ನು ಹಲವು ಸುತ್ತು ತಿದ್ದಿ ಇಲ್ಲಿಗೆ ಪುಸ್ತಕ ಕಳಿಸುತ್ತೆ. ಕನ್ನಡಕ್ಕೆ ಇಂಥದ್ದೇ ಕೆಲಸ ವಿಕಿಸೋರ್ಸ್‌ನಲ್ಲಿ ನಡೀತಿದೆ. ಓದಿ ಸಾಲ ಮಾಡಿಕೊಂಡವರು ಅಲ್ಲಿ ಒಂದು ಪುಟ ತಿದ್ದಿ ಬಡ್ಡಿ ಕಟ್ಟಬಹುದು.

ಇನ್ನು 1996ರಲ್ಲಿ ಬ್ರೂಸ್ಟರ್ ಕಾಲ್ ಆರಂಭಿಸಿದ ಇಂಟರ್ನೆಟ್ ಆರ್ಕೈವ್. ಇಲ್ಲಿ ಪುಸ್ತಕದ ಸ್ಕ್ಯಾನ್ ಸಿಗುತ್ತೆ; ಮುಖಪುಟ, ಪ್ರಕಟಣೆಯ ವರ್ಷ, ಅನುವಾದಕರ ಹೆಸರು ಎಲ್ಲ ಕಾಣುತ್ತೆ. ಆದರೆ ಸ್ಕ್ಯಾನ್‌ನಿಂದ ಯಂತ್ರ ತೆಗೆದ ಪಠ್ಯವನ್ನು ಹಾಗೇ ನಂಬಬೇಡಿ. ಅದರಲ್ಲಿ ಅಕ್ಷರಗಳು ಯದ್ವಾತದ್ವಾ ಆಗಿರುತ್ತವೆ.

ಪದಗಳು ಮೋಸ ಮಾಡುತ್ತವೆ

ಗೊತ್ತಿಲ್ಲದ ಪದಕ್ಕಿಂತ ಗೊತ್ತಿದೆ ಅಂದುಕೊಂಡ ಪದವೇ ಹೆಚ್ಚು ಅಪಾಯ. ಮೊದಲ ಅಂಕದಲ್ಲಿ ಭೂತದ ಹಿಂದೆ ಹೋಗಲು ಹೊರಟ ಹ್ಯಾಮ್ಲೆಟನನ್ನು ಗೆಳೆಯರು ಹಿಡಿದುಕೊಳ್ಳುತ್ತಾರೆ. ಅವನು ಆಗ ‘ಲೆಟ್’ ಅನ್ನುವ ಪದ ಬಳಸುತ್ತಾನೆ. ಬಿಡು ಅನ್ನುವ ಅರ್ಥ ಹಾಕಿ ಓದಿದರೆ ವಾಕ್ಯವೇ ತಲೆಕೆಳಗು. ಅಲ್ಲಿ ಅದರ ಅರ್ಥ ‘ತಡೆ’. ಸಂಜೆ ಬ್ಯಾಡ್ಮಿಂಟನ್ ಕೋರ್ಟಿನಲ್ಲಿ ಏನೋ ಅಡ್ಡಿ ಬಂದು ಆಟ ಮತ್ತೆ ಆಡಿಸುವಾಗ ‘ಲೆಟ್’ ಅಂತೀವಲ್ಲ, ಆ ಹಳೆಯ ಪದವೇ ಇದು.

ಇಂಥ ಕಡೆ ಡೇವಿಡ್ ಕ್ರಿಸ್ಟಲ್ ಮತ್ತು ಬೆನ್ ಕ್ರಿಸ್ಟಲ್ ಅವರ ‘ಷೇಕ್ಸ್‌ಪಿಯರ್ಸ್ ವರ್ಡ್ಸ್’ ಕೈಹಿಡಿಯುತ್ತೆ. ಪದದ ಹುಟ್ಟು ತಿಳಿಯೋಕೆ ಡಗ್ಲಸ್ ಹಾರ್ಪರ್ ಅವರ ಆನ್‌ಲೈನ್ ಎಟಿಮಾಲಜಿ ಡಿಕ್ಷನರಿ ಇದೆ. ಇವತ್ತು ನಾವು ಹೊಗಳೋಕೆ ಬಳಸುವ ‘ನೈಸ್’ ಒಂದು ಕಾಲದಲ್ಲಿ ಮೂರ್ಖ ಅನ್ನುವ ಬೈಗುಳವಾಗಿತ್ತು ಅಂತ ನಮಗೆ ಗೊತ್ತಾಗಿದ್ದು ಅಲ್ಲೇ.

ಉಚ್ಚಾರಣೆಯ ಭಯ ಇರುವವರಿಗೆ ಲಿಬ್ರಿವಾಕ್ಸ್. 2005ರಲ್ಲಿ ಹ್ಯೂ ಮೆಗ್ವಾಯರ್ ಶುರು ಮಾಡಿದ್ದು. ಹಕ್ಕುಸ್ವಾಮ್ಯ ಮುಗಿದ ಪುಸ್ತಕಗಳನ್ನು ಜಗತ್ತಿನ ಬೇರೆ ಬೇರೆ ಕಡೆಯ ಸ್ವಯಂಸೇವಕರು ಓದಿ ಉಚಿತವಾಗಿ ಕೊಡುತ್ತಾರೆ. ಕೇಳಿ ನೋಡಿ: ಒಬ್ಬೊಬ್ಬರದೂ ಒಂದೊಂದು ಧಾಟಿ. ‘ಸರಿಯಾದ ಇಂಗ್ಲಿಷ್’ ಅನ್ನುವ ನಮ್ಮ ಹೆದರಿಕೆ ಅರ್ಧ ಅಲ್ಲೇ ಇಳಿಯುತ್ತೆ.

ಅನುವಾದಕ್ಕೂ ಒಂದು ಹೆಸರಿದೆ

ವಿಶ್ವಸಾಹಿತ್ಯ ಅಂದಕೂಡಲೇ ಇನ್ನೊಂದು ತೊಡಕು. ನಾವು ‘ಒಡಿಸ್ಸಿ’ ಓದಿದೆವು ಅಂತೀವಿ. ನಿಜವಾಗಿ ಓದಿದ್ದು ಯಾರದೋ ಅನುವಾದ. ಅಲೆಕ್ಸಾಂಡರ್ ಪೋಪ್ 18ನೇ ಶತಮಾನದಲ್ಲಿ ಪ್ರಾಸಬದ್ಧ ಪದ್ಯ ಮಾಡಿದ, ಸ್ಯಾಮ್ಯುಯಲ್ ಬಟ್ಲರ್ 1900ರಲ್ಲಿ ಗದ್ಯ ಮಾಡಿದ. ಇವೆರಡೂ ಗುಟೆನ್‌ಬರ್ಗಿನಲ್ಲಿ ಉಚಿತ. ಎಮಿಲಿ ವಿಲ್ಸನ್ ಅವರ 2017ರ ಅನುವಾದ ಇವತ್ತಿನ ಓದುಗರಿಗೆ ಸಲೀಸು, ಆದರೆ ಅದಕ್ಕೆ ಹಕ್ಕುಸ್ವಾಮ್ಯ ಇದೆ, ಕೊಂಡೇ ಓದಬೇಕು. ಹೋಮರನ ಕಾವ್ಯ ಎಲ್ಲರ ಸ್ವತ್ತು ನಿಜ. ಅನುವಾದಕರ ದುಡಿಮೆ ಅವರದು.

ಮೂಲವನ್ನು ಇಣುಕಿ ನೋಡೋಕೆ ಟಫ್ಟ್ಸ್ ವಿಶ್ವವಿದ್ಯಾಲಯದ ಪರ್ಸಿಯಸ್ ಡಿಜಿಟಲ್ ಲೈಬ್ರರಿ ಇದೆ. ಗ್ರೀಕ್ ಪದದ ಮೇಲೆ ಕ್ಲಿಕ್ ಮಾಡಿದರೆ ಅದರ ವ್ಯಾಕರಣ, ಅರ್ಥ ಎರಡೂ ಬರುತ್ತೆ. ‘ಒಡಿಸ್ಸಿ’ಯ ಮೊದಲ ಸಾಲಿನಲ್ಲಿ ನಾಯಕನಿಗಿರುವ ವಿಶೇಷಣ ‘ಪೊಲಿಟ್ರೊಪೊಸ್’. ಅಕ್ಷರಶಃ ಹಲವು ತಿರುವುಗಳುಳ್ಳವನು. ಹಲವು ದಾರಿ ಅಲೆದವನಾ, ಹಲವು ಉಪಾಯ ಬಲ್ಲವನಾ? ಅನುವಾದಕರು ಒಂದನ್ನು ಆರಿಸಿಕೊಳ್ಳಲೇಬೇಕು. ಬಿ.ಎಂ.ಶ್ರೀ ಅವರು ಸೊಫೊಕ್ಲಿಸನ ‘ಅಯಾಸ್’ ನಾಟಕವನ್ನು ‘ಅಶ್ವತ್ಥಾಮನ್’ ಮಾಡಿದಾಗ ಇಂಥ ಎಷ್ಟು ಆಯ್ಕೆ ಮಾಡಿರಬೇಕು, ಯೋಚಿಸಿ.

ಹಕ್ಕುಸ್ವಾಮ್ಯದ ಲೆಕ್ಕ ದೇಶದಿಂದ ದೇಶಕ್ಕೆ ಬೇರೆ. ನಮ್ಮಲ್ಲಿ ಲೇಖಕರು ತೀರಿಕೊಂಡ ಮೇಲೆ 60 ವರ್ಷ. ಮೊದಲು 50 ಇತ್ತು. 1941ರಲ್ಲಿ ತೀರಿಕೊಂಡ ಟಾಗೋರರ ಕೃತಿಗಳ ಹಕ್ಕು ಮುಗಿಯುವ ಹೊತ್ತಿಗೆ, 1992ರಲ್ಲಿ, ಅದನ್ನು ಹತ್ತು ವರ್ಷ ಹೆಚ್ಚಿಸಿದರು. ಜಾರ್ಜ್ ಆರ್ವೆಲ್ ತೀರಿಕೊಂಡದ್ದು 1950ರಲ್ಲಿ. ಹಾಗಾಗಿ ಅವರ ‘1984’ ಕಾದಂಬರಿ ಭಾರತದಲ್ಲಿ 2011ರಿಂದ ಮುಕ್ತ. ಅಮೆರಿಕದಲ್ಲಿ ಪ್ರಕಟಣೆಯಿಂದ 95 ವರ್ಷ, ಅಂದರೆ 2044ರ ಕೊನೆಯವರೆಗೆ ಕಾಯಬೇಕು. ಅಮೆರಿಕದ ತಾಣದಲ್ಲಿ ಒಂದು ಪುಸ್ತಕ ಸಿಗಲಿಲ್ಲ ಅಂದಕೂಡಲೇ ಕದ್ದ ಪಿಡಿಎಫ್‌ಗೆ ಹೋಗುವ ಮುಂಚೆ ಈ ಲೆಕ್ಕ ಹಾಕಿ ನೋಡಿ.

ಮೇಷ್ಟ್ರು ಬೇಕಲ್ಲ?

ಇದ್ದಾರೆ. ನಾವು ಇಂಟರ್ನಲ್ಸ್ ಹಿಂದಿನ ರಾತ್ರಿ ನೋಡುವ ಎನ್‌ಪಿಟಿಇಎಲ್‌ನಲ್ಲೇ ಐಐಟಿಗಳ ಸಾಹಿತ್ಯದ ಕೋರ್ಸುಗಳಿವೆ. ಓಪನ್ ಯೇಲ್ ಕೋರ್ಸಸ್‌ನಲ್ಲಿ ಮಿಲ್ಟನ್ ಬಗ್ಗೆ, ‘ಡಾನ್ ಕ್ವಿಕ್ಸೋಟ್’ ಬಗ್ಗೆ, ಸಾಹಿತ್ಯ ಸಿದ್ಧಾಂತದ ಬಗ್ಗೆ ಪೂರ್ತಿ ಸೆಮಿಸ್ಟರಿನ ಪಾಠಗಳಿವೆ. ಎಂಐಟಿಯ ಓಪನ್‌ಕೋರ್ಸ್‌ವೇರ್‌ನಲ್ಲೂ ಸಾಹಿತ್ಯ ವಿಭಾಗ ಇದೆ. ಹೌದು, ಎಂಐಟಿಯಲ್ಲೂ ಸಾಹಿತ್ಯ ಓದ್ತಾರೆ. ವಿಮರ್ಶೆಯ ಲೇಖನಗಳಿಗೆ ಜೆಸ್ಟೋರ್‌ನಲ್ಲಿ ಉಚಿತ ಖಾತೆ ತೆರೆದರೆ 30 ದಿನಕ್ಕೆ 100 ಲೇಖನ ಓದಬಹುದು.

ಇದು ಬರೀ ಹವ್ಯಾಸದ ಮಾತಲ್ಲ. 2021ರಿಂದ ಗೇಟ್ ಪರೀಕ್ಷೆಯಲ್ಲಿ ಮಾನವಿಕ ಮತ್ತು ಸಮಾಜ ವಿಜ್ಞಾನಗಳ ಪತ್ರಿಕೆ ಇದೆ, ಅದರಲ್ಲಿ ಇಂಗ್ಲಿಷ್ ಒಂದು ಆಯ್ಕೆಯ ವಿಷಯ. ಬ್ರ್ಯಾಂಚ್ ಬದಲಾಯಿಸೋ ಆಸೆ ಒಳಗೊಳಗೇ ಇಟ್ಟುಕೊಂಡವರು ನಮ್ಮಲ್ಲಿ ಒಂದಿಬ್ಬರಾದರೂ ಇರ್ತಾರೆ. ಅವರಿಗೆ ಈ ಮಾಹಿತಿ.

ಎರಡು ಎಚ್ಚರ, ಒಂದು ಪ್ರಯೋಗ

ಒಂದು: ತಾಣಗಳು ಶಾಶ್ವತ ಅಲ್ಲ. 2023ರ ಅಕ್ಟೋಬರಿನಲ್ಲಿ ಬ್ರಿಟಿಷ್ ಲೈಬ್ರರಿಯ ಮೇಲೆ ಸೈಬರ್ ದಾಳಿಯಾಗಿ ಅದರ ಆನ್‌ಲೈನ್ ಸೇವೆಗಳು ತಿಂಗಳುಗಟ್ಟಲೆ ಕೈಕೊಟ್ಟವು. ಮರುವರ್ಷ ಅದೇ ತಿಂಗಳು ಇಂಟರ್ನೆಟ್ ಆರ್ಕೈವ್ ಕೂಡ ಕೆಲ ದಿನ ಮುಚ್ಚಿಕೊಂಡಿತ್ತು. ಮುಕ್ತವಾದ ಪಠ್ಯವನ್ನು ಇಳಿಸಿ ಇಟ್ಟುಕೊಳ್ಳಿ.

ಎರಡು: ಚಾಟ್‌ಬಾಟ್ ಕೊಟ್ಟ ಸಾರಾಂಶದಲ್ಲಿ ಒಂದು ಸಾಲು ಉಲ್ಲೇಖವಾಗಿ ಬಂದರೆ, ಆ ಸಾಲನ್ನು ಮೂಲ ಪಠ್ಯದಲ್ಲಿ ಹುಡುಕಿ. ಸಿಗದಿದ್ದರೆ ಬಳಸಬೇಡಿ. ಇಲ್ಲದ ಸಾಲನ್ನು ಇದೆ ಅಂತ ಹೇಳೋದು ಅದಕ್ಕೆ ಬಹಳ ಸುಲಭ.

ಪ್ರಯೋಗ: ಮೊದಲ ಮತ್ತು ಎರಡನೇ ಕ್ವಾರ್ಟೊದ ಪಠ್ಯಗಳನ್ನು ವಾಯಾಂಟ್ ಟೂಲ್ಸ್‌ಗೆ ಹಾಕಿ, ಯಾವ ಪದ ಎಷ್ಟು ಸಲ ಬಂದಿದೆ ಹೋಲಿಸಿ. ಬ್ರೌಸರಿನಲ್ಲೇ ನಡೆಯುತ್ತೆ. ಹಳೆಯ ಕಾಗುಣಿತದ ಪಠ್ಯವಾದರೆ ‘ಯು’ ಮತ್ತು ‘ವಿ’ ಅಕ್ಷರಗಳು ಅದಲುಬದಲಾಗಿರುತ್ತವೆ. ಡೇಟಾ ಶುದ್ಧ ಮಾಡದೆ ಎಣಿಸಿದರೆ ಫಲಿತಾಂಶ ಹಾಳು. ಇದನ್ನು ನಿಮಗೆ ಹೇಳಿಕೊಡಬೇಕಾಗಿಲ್ಲ.

ಸಿವಿಲ್‌ನ ಗೆಳೆಯನ ವಿಷಯಕ್ಕೆ ಬರೋಣ. ವಿಷಯ ಗೊತ್ತಾದ ದಿನ ಸಂಜೆ ನಾವು ನಾಲ್ಕು ಜನ ಅವನ ರೂಮಿಗೆ ಹೋಗಿ ತಪ್ಪಾಯ್ತು ಅಂದೆವು. ಅವನು ಬೈಯಲಿಲ್ಲ. ‘ನಿಮ್ಮ ಪಿಡಿಎಫ್‌ನ ಮೊದಲ ಪುಟದಲ್ಲಿ ಏನಿದೆ?’ ಅಂತ ಕೇಳಿದ. ಯಾರೂ ನೋಡಿರಲಿಲ್ಲ. ಅವನು ತನ್ನ ಮೊಬೈಲ್ ತೆಗೆದು ತೋರಿಸಿದ. 1603 ಅಂತ ಸ್ಪಷ್ಟವಾಗಿತ್ತು. ನಮ್ಮಲ್ಲಿ ಮೊದಲ ಪುಟ ಓದಿದ್ದವನು ಅವನೊಬ್ಬನೇ.

ಈಗ ನಮ್ಮ ಬಳಗದಲ್ಲಿ ಓದು ಶುರುವಾಗುವ ಮುಂಚೆ ಎಲ್ಲರೂ ಮೂರು ವಿಷಯ ಹೇಳಬೇಕು: ಯಾವ ಪ್ರತಿ, ಯಾರು ಸಂಪಾದಿಸಿದ್ದು ಅಥವಾ ಅನುವಾದಿಸಿದ್ದು, ಯಾವ ವರ್ಷದ್ದು. ಆಮೇಲೆಯೇ ಮಾತು. ಯಾರಾದರೂ ಬೇರೆ ಥರ ಓದಿದರೆ ಮೊದಲು ಎದ್ದು ಹೋಗಿ ಅವರ ಪ್ರತಿ ನೋಡುತ್ತೇವೆ. ನೀವೂ ಬನ್ನಿ. ಇಂಗ್ಲಿಷ್ ಬರಲ್ಲ ಅನ್ನುವ ಅಳುಕಿದ್ದರೆ ಅದನ್ನೂ ಜೊತೆಗೇ ತನ್ನಿ, ಕೂತು ಓದೋಣ.