ಪಿ.ಎಲ್.ಸಿ.ಯ ಮೆಮೊರಿ, ವಿಳಾಸ ಮತ್ತು ಪ್ರೋಗ್ರಾಂ ರಚನೆ: ಉದ್ದಿಮೆದಾರರಿಗೆ ಒಂದು ಪರಿಚಯ

ಬೀದರದ ಕೊಳಾರ ಕೈಗಾರಿಕಾ ಪ್ರದೇಶದಲ್ಲಾಗಲಿ, ಭಾಲ್ಕಿ–ಔರಾದಗಳಲ್ಲಾಗಲಿ ಒಂದು ದಾಲ್ ಮಿಲ್ ಸ್ವಯಂಚಾಲಿತ ಚೀಲ ತುಂಬುವ ಯಂತ್ರವನ್ನು ಕೊಳ್ಳುವುದೆಂದರೆ, ಸಾಮಾನ್ಯವಾಗಿ ಅದರೊಡನೆ ಒಂದು ಪ್ರೋಗ್ರಾಮೆಬಲ್ ಲಾಜಿಕ್ ಕಂಟ್ರೋಲರನ್ನೂ (ಪಿ.ಎಲ್.ಸಿ.) ಕೊಂಡಂತೆ. ಯಂತ್ರದ ಬಿಲ್ಲನ್ನು ಪರಿಶೀಲಿಸುವ ಮಾಲೀಕರು ಈ ಪೆಟ್ಟಿಗೆಯೊಳಗಿನ ವ್ಯವಸ್ಥೆಯನ್ನು ಗಮನಿಸುವುದು ವಿರಳ.

1968ರಲ್ಲಿ ಅಮೆರಿಕದ ಜನರಲ್ ಮೋಟಾರ್ಸ್ ಸಂಸ್ಥೆಯು ರಿಲೇ ಫಲಕಗಳಿಗೆ ಪರ್ಯಾಯವನ್ನು ಬಯಸಿತು. ಡಿಕ್ ಮಾರ್ಲಿಯವರ ತಂಡದ ಮೋಡಿಕಾನ್ 084 ಅದಕ್ಕೆ ಉತ್ತರವಾಯಿತು. ಅಂದಿನಿಂದ ತಂತಿಗಳನ್ನು ಬದಲಿಸುವ ಕೆಲಸವು ಮೆಮೊರಿಯನ್ನು ಬದಲಿಸುವ ಕೆಲಸವಾಯಿತು.

ಮೆಮೊರಿ: ಒಂದು ಭಾಗದಲ್ಲಿ ಪ್ರೋಗ್ರಾಂ, ಇನ್ನೊಂದರಲ್ಲಿ ದತ್ತಾಂಶ ಇರುತ್ತದೆ. ದತ್ತಾಂಶದಲ್ಲಿಯೂ ಎರಡು ಬಗೆ: ವಿದ್ಯುತ್ ಹೋದರೂ ಉಳಿಯುವುದು, ಅಳಿಯುವುದು. ಸೀಮೆನ್ಸ್ ಎಸ್7-300ರಲ್ಲಿ, ಬೇರೆ ಸೂಚನೆ ನೀಡದಿದ್ದರೆ, ಸಾಮಾನ್ಯವಾಗಿ ಎಂ ಪ್ರದೇಶದ ಮೊದಲ 16 ಬೈಟುಗಳು ಮಾತ್ರ ಉಳಿಯುತ್ತವೆ. ಚೀಲಗಳ ಎಣಿಕೆಯನ್ನು 20ನೆಯ ಬೈಟಿನಲ್ಲಿಟ್ಟರೆ, ವಿದ್ಯುತ್ ಹೋಗಿ ಬಂದಾಗ ಅದು ಸೊನ್ನೆಯಾಗುತ್ತದೆ. ದಾಸ್ತಾನು ಪುಸ್ತಕಕ್ಕೂ ಯಂತ್ರದ ಲೆಕ್ಕಕ್ಕೂ ತಾಳೆಯಾಗದು.

ವಿಳಾಸ: ಇದು ಲೆಡ್ಜರಿನ ಪುಟಸಂಖ್ಯೆಯಿದ್ದಂತೆ. ಐ ಎಂದರೆ ಒಳಬರುವ ಸಂಕೇತ, ಕ್ಯೂ ಎಂದರೆ ಹೊರಹೋಗುವುದು, ಎಂ ಎಂದರೆ ಆಂತರಿಕ ಟಿಪ್ಪಣಿ. ಐ 0.3 ಎಂದರೆ 0ನೆಯ ಬೈಟಿನ 3ನೆಯ ಬಿಟ್. ಬೈಟಿಗೆ 8 ಬಿಟ್‌ಗಳಾದ್ದರಿಂದ ಐ 0.7ರ ನಂತರ ಬರುವುದು ಐ 1.0, ಐ 0.8 ಎಂಬುದು ಇಲ್ಲ. ಮಿತ್ಸುಬಿಷಿ ಎಫ್‌ಎಕ್ಸ್ ಶ್ರೇಣಿಯಲ್ಲಿ ಇವೇ ಸಂಕೇತಗಳಿಗೆ ಎಕ್ಸ್, ವೈ ಎಂಬ ಹೆಸರುಗಳಿವೆ.

ರಚನೆ: ಪಿ.ಎಲ್.ಸಿ.ಯು ಒಳಸಂಕೇತಗಳನ್ನು ಓದಿ, ಪ್ರೋಗ್ರಾಮನ್ನು ಮೊದಲಿನಿಂದ ಕೊನೆಯವರೆಗೆ ನಡೆಸಿ, ಫಲಿತಾಂಶವನ್ನು ಹೊರಕ್ಕೆ ಕಳುಹಿಸಿ, ಮತ್ತೆ ಇದನ್ನೇ ಆರಂಭಿಸುತ್ತದೆ. ಎಸ್7ರಲ್ಲಿ ಓಬಿ 1 ಎಂಬುದು ಮುಖ್ಯ ಘಟಕ. ಅದು ತೂಕ, ಹೊಲಿಗೆ, ಎಣಿಕೆಗಳಿಗೆಂದು ಬರೆದ ಎಫ್‌ಸಿ, ಎಫ್‌ಬಿ ಘಟಕಗಳನ್ನು ಕರೆಯುತ್ತದೆ. ಡಿಬಿ ಘಟಕಗಳು ದತ್ತಾಂಶವನ್ನು ಕಾಯ್ದಿಡುತ್ತವೆ.

ಎಸ್7-300ರಿಂದ ಪ್ರೋಗ್ರಾಮನ್ನು ಮರಳಿ ಪಡೆದರೂ ವಿಳಾಸಗಳಿಗಿಟ್ಟ ಹೆಸರುಗಳೂ ವಿವರಣೆಗಳೂ ಅದರೊಡನೆ ಬರುವುದಿಲ್ಲ. ಆಗ ಹೊಸ ತಂತ್ರಜ್ಞನಿಗೆ ಅದು ಶೀರ್ಷಿಕೆಗಳಿಲ್ಲದ ಲೆಡ್ಜರ್. ಆದ್ದರಿಂದ ವಿವರಣೆಸಹಿತ ಮೂಲ ಪ್ರೋಗ್ರಾಂ, ವಿಳಾಸಪಟ್ಟಿ, ಪಾಸ್‌ವರ್ಡ್ ಹಾಗೂ ವಿದ್ಯುತ್ ಹೋದರೂ ಉಳಿಯಬೇಕಾದ ಲೆಕ್ಕಗಳ ಪಟ್ಟಿ, ಈ ನಾಲ್ಕನ್ನು ಖರೀದಿ ಆದೇಶದಲ್ಲಿಯೇ ನಮೂದಿಸತಕ್ಕದ್ದು. ಇವು ಕೈಸೇರಿದ ನಂತರವೇ ಕೊನೆಯ ಕಂತನ್ನು ಪಾವತಿಸುವುದು ಹಿತ.