ತೆಳು ಗಾಳಿಯಲ್ಲೂ ಏರುವ ಹೆಲಿಕಾಪ್ಟರ್

2021ರ ನವೆಂಬರ್ 19ರಂದು ಆಗಿನ ಅನಂತಪುರ ಜಿಲ್ಲೆಯ ಚೆನ್ನೇಕೊತ್ತಪಲ್ಲಿ ಮಂಡಲದಲ್ಲಿ ಚಿತ್ರಾವತಿ ನದಿ ಉಕ್ಕಿ ಹರಿಯುತ್ತಿತ್ತು. ನಡುನೀರಿನಲ್ಲಿ ಹತ್ತು ಜನ ಜೆಸಿಬಿ ಯಂತ್ರದ ಮೇಲೆ ಸಿಕ್ಕಿಕೊಂಡಿದ್ದರು. ವಾಯುಪಡೆಯ ಎಂಐ-17 ಹೆಲಿಕಾಪ್ಟರ್ ಬಂದು ಹತ್ತೂ ಜನರನ್ನು ಪಾರು ಮಾಡಿತು. ವಿಮಾನವಾದರೆ ಮುಂದಕ್ಕೆ ಓಡುತ್ತಲೇ ಇರಬೇಕು. ಹೆಲಿಕಾಪ್ಟರ್ ಗಾಳಿಯಲ್ಲಿ ಇದ್ದಲ್ಲೇ ನಿಲ್ಲುತ್ತೆ. ಹೇಗೆ?

ಏರುವುದು ಹೇಗೆ?

ಮೇಲೆ ತಿರುಗುವ ಅಲಗುಗಳಿಗೆ ಒಟ್ಟಾಗಿ ರೋಟರ್ ಎನ್ನುತ್ತಾರೆ. ಓರೆಯಾಗಿರುವ ಅಲಗುಗಳು ಗಾಳಿಯನ್ನು ಕೆಳಕ್ಕೆ ತಳ್ಳುತ್ತವೆ. ಗಾಳಿ ಅಲಗುಗಳನ್ನು ಮೇಲಕ್ಕೆ ತಳ್ಳುತ್ತದೆ. ನ್ಯೂಟನ್ನನ ಮೂರನೇ ನಿಯಮ, ಅಷ್ಟೇ. ಆದರೆ ರೋಟರ್ ಒಂದು ಕಡೆ ತಿರುಗಿದರೆ ಹೆಲಿಕಾಪ್ಟರಿನ ಒಡಲು ಎದುರು ದಿಕ್ಕಿಗೆ ತಿರುಗಲು ನೋಡುತ್ತದೆ. ಅದನ್ನು ತಡೆಯಲೆಂದೇ ಬಾಲದಲ್ಲಿ ಚಿಕ್ಕ ರೋಟರ್ ಇರುತ್ತದೆ. ಇಗೋರ್ ಸಿಕೋರ್ಸ್ಕಿ 1939ರಲ್ಲಿ ಅಮೆರಿಕದಲ್ಲಿ ಹಾರಿಸಿದ ವಿಎಸ್-300 ಈ ಮಾದರಿಗೆ ದಾರಿ ಹಾಕಿತು.

ಗಾಳಿ ತೆಳುವಾದರೆ?

ತಳ್ಳಲು ಗಾಳಿ ಇರಬೇಕು ತಾನೆ? ಸಮುದ್ರಮಟ್ಟದಲ್ಲಿ ಒಂದು ಘನ ಮೀಟರ್ ಗಾಳಿಯ ದ್ರವ್ಯರಾಶಿ ಸುಮಾರು 1.2 ಕೆ.ಜಿ.; 5,000 ಮೀಟರ್ ಎತ್ತರದಲ್ಲಿ ಸುಮಾರು 0.74 ಕೆ.ಜಿ. ಮಾತ್ರ. ಬಿಸಿಯಾದರೂ ಗಾಳಿ ತೆಳುವಾಗುತ್ತದೆ. ರಾಯದುರ್ಗದ ಬೇಸಿಗೆಯ 40 ಡಿಗ್ರಿ ಗಾಳಿ, ಅದೇ ಒತ್ತಡದ 15 ಡಿಗ್ರಿ ಗಾಳಿಗಿಂತ ಸುಮಾರು 8% ಹಗುರ. ಸಾಂದ್ರತೆ ಇಳಿದರೆ ಎತ್ತುವ ಬಲ ಕುಗ್ಗುತ್ತದೆ, ಎಂಜಿನ್ನಿಗೂ ಉಸಿರು ಸಾಲದು.

1944ರ ಏಪ್ರಿಲ್‌ನಲ್ಲಿ ಬರ್ಮಾದ ಕಾಡಿನಲ್ಲಿ ಇದು ಚೆನ್ನಾಗಿ ಗೊತ್ತಾಯಿತು. ಒಬ್ಬ ಪೈಲಟ್, ಮೂವರು ಬ್ರಿಟಿಷ್ ಸೈನಿಕರು ಅಲ್ಲಿ ಸಿಕ್ಕಿಬಿದ್ದಿದ್ದರು. ಅಮೆರಿಕದ ಲೆಫ್ಟಿನೆಂಟ್ ಕಾರ್ಟರ್ ಹಾರ್ಮನ್ ಸಿಕೋರ್ಸ್ಕಿ ಆರ್-4 ತೆಗೆದುಕೊಂಡು ಹೋದರು. ಒಂದು ಸಲಕ್ಕೆ ಒಬ್ಬರನ್ನಷ್ಟೇ ತರಬಹುದಿತ್ತು. ಎಂಜಿನ್ ಕಾದುಹೋದ್ದರಿಂದ ಕೊನೆಯ ಇಬ್ಬರು ಮರುದಿನದವರೆಗೆ ಕಾಯಬೇಕಾಯಿತು. ಯುದ್ಧದಲ್ಲಿ ಹೆಲಿಕಾಪ್ಟರ್ ಮಾಡಿದ ಮೊದಲ ರಕ್ಷಣಾ ಕಾರ್ಯ ಇದು. ಮುಂದೆ 1950ರ ದಶಕದಲ್ಲಿ ಹಗುರವಾದ, ಹೆಚ್ಚು ಶಕ್ತಿಯ ಟರ್ಬೈನ್ ಎಂಜಿನ್‌ಗಳು ಬಂದವು.

ಬೆಂಗಳೂರಿನ ಕೊಡುಗೆ

ಬೆಂಗಳೂರಿನ ಎಚ್‌ಎಎಲ್ ಕಾರ್ಖಾನೆ ಫ್ರಾನ್ಸಿನ ಪರವಾನಗಿ ಪಡೆದು ಚೇತಕ್, ಚೀತಾ ಹೆಲಿಕಾಪ್ಟರ್‌ಗಳನ್ನು ತಯಾರಿಸಿತು. ಸಿಯಾಚಿನ್ ಹಿಮನದಿಯ ಸೈನಿಕರಿಗೆ ಸಾಮಾನು ಮುಟ್ಟಿಸುವುದು, ಕಾಯಿಲೆಯಾದವರನ್ನು ಕೆಳಗೆ ತರುವುದು ಚೀತಾದ ಕೆಲಸ. ಅಲ್ಲಿ ಹೊರೆಯನ್ನು ಕೆ.ಜಿ. ಲೆಕ್ಕದಲ್ಲಿ ಅಳೆದು ಹಾಕಬೇಕು. ಎಚ್‌ಎಎಲ್ಲೇ ವಿನ್ಯಾಸ ಮಾಡಿದ ಧ್ರುವ ಮೊದಲು ಹಾರಿದ್ದು 1992ರಲ್ಲಿ.

1999ರ ಕಾರ್ಗಿಲ್ ಯುದ್ಧದಲ್ಲಿ ಅಷ್ಟು ಎತ್ತರದಲ್ಲಿ ಕಾದಾಡಬಲ್ಲ ದಾಳಿ ಹೆಲಿಕಾಪ್ಟರ್ ನಮ್ಮಲ್ಲಿರಲಿಲ್ಲ. ಸಾಗಾಟದ ಎಂಐ-17ಗಳಿಗೇ ರಾಕೆಟ್ ಅಳವಡಿಸಿ ಕಳಿಸಿದರು. ಮೇ 28ರಂದು ಅವುಗಳಲ್ಲೊಂದನ್ನು ಶತ್ರುಗಳು ಹೊಡೆದುರುಳಿಸಿದರು. ಅದರಲ್ಲಿದ್ದ ನಾಲ್ವರೂ ಹುತಾತ್ಮರಾದರು. ಆ ಕೊರತೆ ನೀಗಲು ಹುಟ್ಟಿದ್ದೇ ಪ್ರಚಂಡ್. 2010ರಲ್ಲಿ ಮೊದಲು ಹಾರಿ, 2022ರ ಅಕ್ಟೋಬರ್ 3ರಂದು ವಾಯುಪಡೆ ಸೇರಿತು. 5,000 ಮೀಟರ್ ಎತ್ತರದಲ್ಲೂ ಇಳಿದು ಮತ್ತೆ ಏರಬಲ್ಲದು.

ಮಡಕಶಿರಾದ ಮಕ್ಕಳೇ, ನಿಮ್ಮ ಪಕ್ಕದ ತುಮಕೂರು ಜಿಲ್ಲೆಯ ಗುಬ್ಬಿ ತಾಲ್ಲೂಕಿನಲ್ಲಿ 2023ರ ಫೆಬ್ರವರಿ 6ರಂದು ಎಚ್‌ಎಎಲ್‌ನ ಹೊಸ ಹೆಲಿಕಾಪ್ಟರ್ ಕಾರ್ಖಾನೆ ಉದ್ಘಾಟನೆಯಾಯಿತು. ಹಳೆಯದಾದ ಚೀತಾ, ಚೇತಕ್‌ಗಳ ಜಾಗಕ್ಕೆ ಹಗುರ ಹೆಲಿಕಾಪ್ಟರ್ ತಯಾರಿಸಲೆಂದು ಕಟ್ಟಿದ ಕಾರ್ಖಾನೆ ಅದು.

ಮಾಡಿ ನೋಡಿ

20 ಸೆಂ.ಮೀ. ಉದ್ದ, 5 ಸೆಂ.ಮೀ. ಅಗಲದ ಕಾಗದದ ಪಟ್ಟಿ ತಗೊಳ್ಳಿ. ಒಂದು ತುದಿಯಿಂದ ಅರ್ಧದವರೆಗೆ ನಡುವೆ ಸೀಳಿ. ಸೀಳಿದ ಎರಡು ಭಾಗಗಳನ್ನು ಒಂದನ್ನು ಈಚೆಗೆ, ಇನ್ನೊಂದನ್ನು ಆಚೆಗೆ ಮಡಿಸಿ. ಕೆಳತುದಿಗೆ ಜೆಮ್ ಕ್ಲಿಪ್ ಹಾಕಿ ಎತ್ತರದಿಂದ ಬಿಡಿ. ಗಿರಗಿರ ತಿರುಗುತ್ತಾ ಇಳಿಯುತ್ತದೆ.

ಎಂಜಿನ್ ಇಲ್ಲದೆ ತಿರುಗಿತಲ್ಲ! 1972ರ ಜೂನ್ 21ರಂದು ಫ್ರಾನ್ಸಿನ ಜಾನ್ ಬೂಲೆ, ಚೀತಾದ ಮೂಲ ಮಾದರಿಯಾದ ಲಾಮಾದಲ್ಲಿ 12,442 ಮೀಟರ್ ಏರಿ ದಾಖಲೆ ಮಾಡಿದರು. ಅಲ್ಲಿ ಎಂಜಿನ್ ನಿಂತುಹೋಯಿತು. ಕೆಳಗಿನಿಂದ ನುಗ್ಗುವ ಗಾಳಿಯೇ ರೋಟರನ್ನು ತಿರುಗಿಸಿ ಅವರನ್ನು ಕ್ಷೇಮವಾಗಿ ಇಳಿಸಿತು.

ಯೋಚಿಸಿ ಉತ್ತರಿಸಿ

1. ಎರಡು ಕ್ಲಿಪ್ ಹಾಕಿದರೆ ಕಾಗದದ ಹೆಲಿಕಾಪ್ಟರ್ ಬೇಗ ಇಳಿಯುತ್ತದೆ. ಏಕೆ?
2. ಬೇಸಿಗೆಯಲ್ಲಿ ಹೆಲಿಕಾಪ್ಟರ್ ಹೆಚ್ಚು ಹೊರೆ ಹೊರುವುದು ಮುಂಜಾನೆಯೋ, ಮಧ್ಯಾಹ್ನವೋ?
3. ಬಾಲದ ರೋಟರ್ ಕೆಟ್ಟರೆ ಏನಾಗುತ್ತದೆ?