ಬೀಡಿನ ಒಲೆಯ ಜೀರ್ಣೋದ್ಧಾರ

ನಮ್ಮ ನಾರ್ವದ ಕಡೆ ಮಣ್ಣಿನ ಒಲೆಯೇ ವಾಡಿಕೆ. ಆದರೂ ಯಾರ ಮನೆಯಲ್ಲಾದರೂ ಹಳೆಯ ಬೀಡಿನ ಸೌದೆಯೊಲೆ ತುಕ್ಕು ಹಿಡಿದು ಬಿದ್ದಿದ್ದರೆ, ಗುಜರಿಗೆ ಕೊಡುವ ಮುನ್ನ ಪರೀಕ್ಷಿಸತಕ್ಕದ್ದು.

ಬೀಡೆಂದರೆ ಎರಕದ ಕಬ್ಬಿಣ. ಭದ್ರಾವತಿಯ ಕಾರ್ಖಾನೆ 1923ರಲ್ಲಿ ಇದ್ದಿಲಿನ ಉರಿಯಿಂದ ತೆಗೆಯಲಾರಂಭಿಸಿದುದು ಇದನ್ನೇ. ನೂರಕ್ಕೆ 2ರಿಂದ 4 ಪಾಲು ಇಂಗಾಲವಿರುವುದರಿಂದ ಇದು ಕರಗಿದಾಗ ಸುಲಭವಾಗಿ ಅಚ್ಚಿಗೆ ಹರಿಯುತ್ತದೆ. ಪೆಟ್ಟು ಬಿದ್ದರೆ ಬಾಗದೆ ಬಿರಿಯುತ್ತದೆ. ಆದುದರಿಂದ ಮೊದಲು ಪ್ರತಿಯೊಂದು ಹಲಗೆಯನ್ನೂ ಮರದ ತುಂಡಿನಿಂದ ಮೆಲ್ಲನೆ ತಟ್ಟಿರಿ. ಗಂಟೆಯ ನಾದ ಹೊರಟರೆ ಮೈ ಗಟ್ಟಿ. ಒಡಕು ದನಿಯಾದರೆ ಬಿರುಕುಂಟು. ಬೀಡನ್ನು ಬೆಸೆಯುವುದು ನುರಿತವರ ಕೆಲಸ, ಮನೆಯಲ್ಲಿ ಆಗತಕ್ಕದ್ದಲ್ಲ.

ತುಕ್ಕನ್ನು ತಂತಿಯ ಬ್ರಷ್ಷಿನಿಂದ ಉಜ್ಜಿ ತೆಗೆದು, ಅಗಸೆಯೆಣ್ಣೆಯನ್ನು ತೆಳ್ಳಗೆ ಸವರಿ, ಬಯಲಿನಲ್ಲಿ ಸಣ್ಣ ಉರಿ ಹಾಕಿದರೆ, ಎಣ್ಣೆಯು ಗಾಳಿಯ ಆಮ್ಲಜನಕದೊಡನೆ ಕೂಡಿ ಗಟ್ಟಿಯಾದ ಪೊರೆಯಾಗುತ್ತದೆ. ಮಕ್ಕಳೇ, ಎಣ್ಣೆ ಒರಸಿದ ಬಟ್ಟೆಯನ್ನು ಮುದ್ದೆಮಾಡಿ ಇಡಬೇಡಿರಿ. ಅದು ತಾನಾಗಿಯೇ ಹೊತ್ತಿಕೊಳ್ಳುವುದುಂಟು. ಬಿಡಿಸಿ, ಬಯಲಿನಲ್ಲಿ ಹರಡಿ ಒಣಗಿಸಿರಿ.

ಸಂದುಗಳಿಗೆ ಉರಿಗೆ ಬಿರಿಯದ ಜೇಡಿಮಣ್ಣನ್ನು ಮೆತ್ತಬೇಕು. ಎರೆಹೊಲದ ಮಣ್ಣು ಒಣಗಿದೊಡನೆ ಬಾಯಿಬಿಡುವುದರಿಂದ ಇದಕ್ಕೆ ಒದಗದು. ಸಂದು ಉಳಿದರೆ ಬಣ್ಣವಿಲ್ಲದ, ವಾಸನೆಯಿಲ್ಲದ ಕಾರ್ಬನ್ ಮಾನಾಕ್ಸೈಡ್ ಮನೆಯೊಳಗೆ ಸೇರಿ ಪ್ರಾಣಕ್ಕೆ ಎರವಾದೀತು. ಹೊಗೆಯ ಕೊಳವೆಯನ್ನು ಮಾಡಿನಿಂದ ಮೇಲಕ್ಕೆ ಒಯ್ದ ಮೇಲೆಯೇ ಒಳಗೆ ಉರಿ ಹಾಕತಕ್ಕದ್ದು.